ರಾಹುಕಾಲ ಕಳೆದ ಮೇಲೆ ಆದ ಅಪಘಾತ

೨೦೦೪ರ ಜೂನ್ ೨೧, ಸೋಮವಾರ. ಗಿಂಡಿ ಕೈಗಾರಿಕಾ ಎಸ್ಟೇಟಿನ ಬೆನ್ನಿಗಿದ್ದ ಪೊಲೀಸ್ ಠಾಣೆಗೆ ಪ್ರೇಮಮ್ಮ ದೂರು ಹಿಡಿದುಕೊಂಡು ಬಂದಾಗ ಬೆಳಗಿನ ಏಳು ಗಂಟೆ ನಲವತ್ತು ನಿಮಿಷ. ಇನ್‌ಸ್ಪೆಕ್ಟರ್ ಸತ್ಯಾತ್ಮ ಬಂದದ್ದು ಒಂಬತ್ತೂ ಹತ್ತಕ್ಕೆ. ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ. ಅದು ಕಳೆಯುವ ತನಕ ಮಗನನ್ನು ಹೊಸ್ತಿಲು ದಾಟಲು ಬಿಡುವವರಲ್ಲ ತಾಯಿ ಭೀಮಾಬಾಯಿ. ಮೂರು ತಲೆಮಾರಿನಿಂದ ಮದರಾಸಿನಲ್ಲಿ ಬೇರೂರಿದ ಮಾಧ್ವರ ಮನೆ ಅದು. ಸತ್ಯಾತ್ಮನಿಗೆ ಇದರಲ್ಲಿ ನಂಬಿಕೆಗಿಂತ ಅಭ್ಯಾಸವೇ ಹೆಚ್ಚು. ತಾಯಿಯ ಜೊತೆ ವಾದ ಮಾಡುವ ಬದಲು ಇನ್ನೊಂದು ಲೋಟ ಕಾಫಿ ಕುಡಿಯುವುದು ಸುಲಭವಾಗಿತ್ತು.

ಒಂದೂವರೆ ಗಂಟೆ ಬೆಂಚಿನ ಮೇಲೆ ಕೂತಿದ್ದ ಹೆಂಗಸು ಅವನನ್ನು ಕಂಡದ್ದೇ ಎದ್ದು ನಿಂತಳು. ಚಾಮರಾಜನಗರದ ಕಡೆಯವಳು. ತಮಿಳು ಇನ್ನೂ ಬಾಯಿಗೆ ಹತ್ತಿರಲಿಲ್ಲ.

"ಏನು ಕಂಪ್ಲೇಂಟಮ್ಮ?"

"ನಮ್ಮ್ ಮನೆಯವ್ರು ಅಂದಾನಿ ಅಂತ. ಫ್ಯಾಕ್ಟ್ರಿ ಓನರ್ ಕಾರ್ ಓಡಿಸ್ತಾರೆ. ಅದೇ ಫ್ಯಾಕ್ಟ್ರಿಲಿ ಕೆಲ್ಸಕ್ಕಿದ್ದ ಶೀನಣ್ಣನ್ಗೆ ಗುದ್ದಿ ಸಾಯಿಸ್ಬುಟ್ರು ಅಂತ ಸೈದಾಪೇಟೆ ಜೈಲಲ್ಲಿ ಮಡಗವ್ರೆ. ಅವ್ರು ಗುದ್ದಿಲ್ಲ ಸ್ವಾಮಿ."

"ಗುದ್ದಿದ್ದು ನಾನೇ ಅಂತ ಅವರೇ ಒಪ್ಕೊಂಡಿದಾರಲ್ಲ?"

"ಓನರ್ ಹೇಳ್ಸವ್ರೆ. ನಾವಿರೋ ಮನೆ ಅವ್ರುದ್ದೇಯ. ಗುರುವಾರ ಕೋರ್ಟಲ್ಲಿ ತಪ್ಪೊಪ್ಕೊ, ದಂಡ ಕಟ್ಟಿ ಬುಡಿಸ್ಕತೀನಿ ಅಂದವ್ರಂತೆ. ಮನ್ಸ ಸತ್ತೋಗವ್ನೆ, ಬರೀ ದಂಡದಲ್ಲಿ ಬುಟ್ಬುಡ್ತಾರಾ?"

"ಗುದ್ದಿಲ್ಲ ಅನ್ನೋದಕ್ಕೆ ಏನಿದೆ?"

"ಅವತ್ತು ಹನ್ನೊಂದು ಗಂಟೆಗೆ ಓಡ್ಕಂಡು ಬಂದ್ರು. 'ಶೀನನ್ ತೊಡೆ ಮ್ಯಾಲೆ ಕಬ್ಣ ಬಿದ್ದದೆ, ರಕ್ತ ನಿಲ್ತಾ ಇಲ್ಲ' ಅಂತ ನನ್ ದುಪ್ಪಟಿ ಹರ್ಕಂಡು ಹೋದ್ರು. ಕಾರ್ ಗುದ್ದಿದ್ದು ಹನ್ನೆರಡೂಕಾಲ್ಗೆ ಅಂತೀರಿ. ಹನ್ನೊಂದಕ್ಕೇ ರಕ್ತ ಎಲ್ಲಿಂದ ಬತ್ತು?"

ಸತ್ಯಾತ್ಮ ಕಡತ ತರಿಸಿದ. ಎಫ್‌ಐಆರ್ ಅವನ ಠಾಣೆಯದೇ. ಜೂನ್ ೧೧, ಶುಕ್ರವಾರ, ಮಧ್ಯಾಹ್ನ ೧೨.೧೫, ಎಸ್ಟೇಟಿನ ಹಿಂದಿನ ರಸ್ತೆ, ಪಾದಚಾರಿ ಶೀನನಿಗೆ ಕಾರು ಡಿಕ್ಕಿ, ಐಪಿಸಿ ೨೭೯, ೩೦೪-ಎ, ಅಂದರೆ ಅಜಾಗರೂಕ ಚಾಲನೆಯಿಂದ ಸಾವು. ಹತ್ತೇ ದಿನದಲ್ಲಿ ಆರೋಪಪಟ್ಟಿಯೂ ಹೋಗಿತ್ತು. ಕೆಳಗೆ ಅವನದೇ ಸಹಿ. ಓದದೆ ಹಾಕಿದ ಸಹಿ ಎಂಬುದು ಅವನೊಬ್ಬನಿಗೆ ಗೊತ್ತಿತ್ತು, ಅದಕ್ಕೇ ಮೈ ಉರಿಯಿತು.

ಹನ್ನೊಂದು ಗಂಟೆಗೆ ಹೆಡ್ ಕಾನ್‌ಸ್ಟೆಬಲ್ ಚಂದ್ರಮತಿಯ ಜೊತೆ ಆಸ್ಪತ್ರೆಗೆ ಹೋದ. ಹೊಸೂರಿನ ಕಡೆಯ ಚಂದ್ರಮತಿ ಹೆಚ್ಚು ಮಾತಾಡುವವಳಲ್ಲ, ಬಿಡುವವಳೂ ಅಲ್ಲ. ರಿಜಿಸ್ಟರಿನಲ್ಲಿ ಹೀಗಿತ್ತು: ತಂದದ್ದು ೧೨.೫೦, ಸಾವು ೧.೩೫. ತೊಡೆಗೆ ಹೂವಿನ ಚಿತ್ತಾರದ ಬಟ್ಟೆ ಬಿಗಿದಿದೆ, ರಕ್ತ ಒಣಗಿ ಬಟ್ಟೆ ಗಾಯಕ್ಕೆ ಅಂಟಿದೆ. ಹನ್ನೆರಡೂಕಾಲಿಗೆ ಆದ ಗಾಯದ ರಕ್ತ ಹನ್ನೆರಡು ಐವತ್ತಕ್ಕೆ ಅಷ್ಟು ಒಣಗುವುದುಂಟೇ ಎಂದು ಅಲ್ಲಿ ಯಾರೂ ಕೇಳಿರಲಿಲ್ಲ. ಪೊಲೀಸರೂ ಕೇಳಿರಲಿಲ್ಲ.

"ಒಂದು ಗಂಟೆ ಮುಂಚೆ ತಂದಿದ್ದರೆ?" ಸತ್ಯಾತ್ಮ ಡಾಕ್ಟರನ್ನು ತಮಿಳಿನಲ್ಲಿ ಕೇಳಿದ.

"ಕಾಲು ಹೋಗುತ್ತಿತ್ತೋ ಏನೋ. ಜೀವ ಉಳಿಯುತ್ತಿತ್ತು."

ಮಧ್ಯಾಹ್ನ ಪ್ರೇಮಮ್ಮನ ಮನೆಯಲ್ಲಿ ಇಬ್ಬರು ಪಂಚರ ಮುಂದೆ ಪಂಚನಾಮೆ ನಡೆಯಿತು. ಅವಳು ಟ್ರಂಕಿನಿಂದ ಉಳಿದರ್ಧ ದುಪ್ಪಟಿ ತೆಗೆದಳು. ಶವದ ವಸ್ತುಗಳ ಜೊತೆ ಠಾಣೆಗೆ ಬಂದಿದ್ದ ತುಂಡನ್ನು ಪಕ್ಕದಲ್ಲಿಟ್ಟರು. ಹರಿದ ಅಂಚಿಗೆ ಅಂಚು, ಅರ್ಧ ಹೂವಿಗೆ ಅರ್ಧ ಹೂವು ಕೂಡಿತು. ಪ್ರೇಮಮ್ಮ ಕಣ್ಣೊರೆಸಿಕೊಂಡು ಪಂಚನಾಮೆಗೆ ಹೆಬ್ಬೆಟ್ಟು ಒತ್ತಿದಳು.

ಮಂಗಳವಾರ ಬೆಳಿಗ್ಗೆ ಚಂದ್ರಮತಿ ಇನ್ನೂ ನಾಲ್ಕು ಕಡತಗಳನ್ನು ಮೇಜಿನ ಮೇಲೆ ಹಾಕಿದಳು. ನಾಲ್ಕೂ ಎರಡು ವರ್ಷದೊಳಗಿನ ಅಪಘಾತಗಳು. ನಾಲ್ಕರಲ್ಲೂ ಡ್ರೈವರು ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದ, ವಿಮಾ ಕಂಪನಿ ಪರಿಹಾರ ಕೊಟ್ಟಿತ್ತು. ನಾಲ್ಕರ ಕಾಗದ ಓಡಾಡಿಸಿದವನು ಒಬ್ಬನೇ: ಪಶ್ಚಿಮ ಮಾಂಬಲದ ವಿಷ್ಣುತೀರ್ಥ, ವಿಮಾ ಕಂಪನಿಯೊಂದರ ನಿವೃತ್ತ ಕ್ಲೇಮು ಗುಮಾಸ್ತ. ಶೀನನ ಅಕ್ಕನ ಹೆಸರಿನಲ್ಲಿ ಅರ್ಜಿ ಸಿದ್ಧಮಾಡುತ್ತಿದ್ದವನೂ ಅವನೇ.

"ಟೈಮ್ ಓದು," ಎಂದ ಸತ್ಯಾತ್ಮ.

"ಮಂಗಳವಾರ ಸಾಯಂಕಾಲ ನಾಲ್ಕು ನಲವತ್ತು ಸಾರ್. ಬುಧವಾರ ಒಂದು ನಲವತ್ತು. ಶನಿವಾರ ಬೆಳಿಗ್ಗೆ ಹತ್ತು ನಲವತ್ತೈದು. ಗುರುವಾರ ಮೂರೂ ಹತ್ತು. ಇದ್ರಲ್ಲೇನಿದೆ ಸಾರ್?"

ಸತ್ಯಾತ್ಮ ಗೋಡೆಯ ದಿನದರ್ಶಿ ನೋಡಿದ. ಮಂಗಳವಾರದ ರಾಹುಕಾಲ ನಾಲ್ಕೂವರೆಗೆ ಮುಗಿಯುತ್ತದೆ. ಬುಧವಾರದ್ದು ಒಂದೂವರೆಗೆ. ಶನಿವಾರ ಹತ್ತೂವರೆಗೆ, ಗುರುವಾರ ಮೂರಕ್ಕೆ. ಶುಕ್ರವಾರ ಹನ್ನೆರಡಕ್ಕೆ. ಅಪ್ಪ ಅಮ್ಮ ಹೇಳಿಕೊಟ್ಟ ಮಗ್ಗಿಯಂತೆ ಅದು ಅವನಿಗೆ ಬಾಯಿಪಾಠ. ಐದು ಅಪಘಾತ, ಐದೂ ರಾಹುಕಾಲ ಮುಗಿದು ಕಾಲು ಗಂಟೆಯೊಳಗೆ. ಗೃಹಪ್ರವೇಶಕ್ಕೆ ಹೊತ್ತು ನೋಡಿದ ಹಾಗೆ ಈ ಮಹಾನುಭಾವ ಮನುಷ್ಯರ ಮೇಲೆ ಕಾರು ಹತ್ತಿತೆಂದು ಕಥೆ ಕಟ್ಟುವುದಕ್ಕೂ ಹೊತ್ತು ನೋಡಿದ್ದ.

ಕಾರ್ಖಾನೆಯ ಮಾಲೀಕನನ್ನು ಕರೆಸಿದ್ದು ಅದೇ ದಿನ ಎರಡು ಗಂಟೆಗೆ. ಮೊದಲು ವಕೀಲರ ಹೆಸರು ಹೇಳಿದ. ದುಪ್ಪಟಿಯ ಎರಡು ತುಂಡು ನೋಡಿದ ಮೇಲೆ ನೀರು ಕೇಳಿದ. ಮಾತುಕತೆ ತಮಿಳಿನಲ್ಲೇ ನಡೆಯಿತು.

"ಕಬ್ಬಿಣ ಬಿದ್ದದ್ದು ಎಷ್ಟು ಹೊತ್ತಿಗೆ?"

"ಹತ್ತೂ ಇಪ್ಪತ್ತು. ಎತ್ತುವ ಸರಪಳಿ ತುಂಡಾಯಿತು."

"ಆಸ್ಪತ್ರೆಗೆ ಯಾಕೆ ಒಯ್ಯಲಿಲ್ಲ?"

"ಅವನ ಹೆಸರು ಹಾಜರಿ ಪುಸ್ತಕದಲ್ಲಿ ಇರಲಿಲ್ಲ. ಕೇಸಾಗುತ್ತದೆ ಅಂತ ವಿಷ್ಣುತೀರ್ಥರಿಗೆ ಫೋನ್ ಮಾಡಿದೆ. ರಸ್ತೆ ಅಪಘಾತ ಅಂತ ಮಾಡೋಣ, ವಿಮೆಯವರು ಕೊಡುತ್ತಾರೆ, ನಿಮ್ಮ ತಲೆಗೆ ಬರುವುದಿಲ್ಲ ಅಂದರು."

"ಹಾಗಿದ್ದರೆ ಹತ್ತೂವರೆಗೇ ರಸ್ತೆಗೆ ಹಾಕಬಹುದಿತ್ತಲ್ಲ? ಹನ್ನೆರಡರ ತನಕ ಯಾಕೆ?"

ಮಾಲೀಕ ಲೋಟದಲ್ಲಿದ್ದ ನೀರು ಮುಗಿಸಿದ.

"ಯಾಕೆ?"

"ರಾಹುಕಾಲ ಸಾರ್. ಅದರಲ್ಲಿ ಶುರುಮಾಡಿದ ಕೆಲಸ ಕೈಗೂಡುವುದಿಲ್ಲ ಅಂದರು. ಅವರು ಬಂದು ಕೂತರು. ಕಾದೆವು."

"ಶೀನ?"

"ನೀರು ಕೇಳುತ್ತಿದ್ದ. ಅಂದಾನಿ ಕುಡಿಸಿದ."

ಸತ್ಯಾತ್ಮ ಎದ್ದು ಕಿಟಕಿಯ ಹತ್ತಿರ ನಿಂತ. ಆ ಮನುಷ್ಯನ ಕೆನ್ನೆಗೆ ಎರಡು ಬಿಗಿಯಬೇಕೆಂದು ನಿಜಕ್ಕೂ ಅನ್ನಿಸಿತು. ಬಿಗಿಯಲಿಲ್ಲ, ಹೇಳಿಕೆ ಕೋರ್ಟಿನಲ್ಲಿ ನಿಲ್ಲಬೇಕಿತ್ತು. ಚಂದ್ರಮತಿ ಒಂದೊಂದು ಮಾತನ್ನೂ ಬರೆದುಕೊಂಡಳು.

ಜೂನ್ ೨೩, ಬುಧವಾರ. ಪಶ್ಚಿಮ ಮಾಂಬಲದ ಮನೆಯ ಮುಂದೆ ಜೀಪು ನಿಂತಾಗ ಮಧ್ಯಾಹ್ನ ಹನ್ನೆರಡು ಇಪ್ಪತ್ತು. ವಿಷ್ಣುತೀರ್ಥ ಆಗಷ್ಟೇ ಪೂಜೆ ಮುಗಿಸಿ, ಹಣೆಗೆ ಅಂಗಾರ ಅಕ್ಷತೆ ಇಟ್ಟುಕೊಂಡು ಕೂತಿದ್ದ. ಅರವತ್ತೆರಡರ ಸಣ್ಣ ಆಳು. ಹೆದರಲಿಲ್ಲ.

"ಬನ್ನಿ ಸಾರ್. ನೀವೂ ನಮ್ಮವರೇ, ನನಗೆ ತೆರಿಯಾದಾ, ಗೊತ್ತಾಗೋಲ್ವೇ? ಭೀಮಾಬಾಯಿಯವರ ಮಗ ಅಲ್ಲವೋ?"

"ಹನ್ನೊಂದನೇ ತಾರೀಕು ಶೀನನ ಪಕ್ಕದಲ್ಲಿ ಕೂತಿದ್ದವರು ನೀವೇನಾ?"

ವಿಷ್ಣುತೀರ್ಥ ಒಳಗೆ ಹೋಗಿ ಒಂದು ಹಳೆಯ ಪತ್ರ ತಂದ. ೧೯೯೬ರಲ್ಲಿ ಎಣ್ಣೂರಿನ ರಸ್ತೆಯಲ್ಲಿ ಅವನ ಹೆಂಡತಿ ರಮಾಬಾಯಿಯ ಮೇಲೆ ಲಾರಿ ಹರಿದಿತ್ತು. ಲಾರಿಯ ವಿಮೆ ಅವನು ಕೆಲಸ ಮಾಡುತ್ತಿದ್ದ ಕಂಪನಿಯದೇ. ಕ್ಲೇಮು ತಿರಸ್ಕರಿಸಿ ಬಂದ ಕಾಗದ ಅದು.

"ಓದಿ. ಇಂಗ್ಲಿಷ್ ಚೆನ್ನಾಗಿದೆ ಅಲ್ವಾ? ಅದನ್ನ ಬರೆದವನು ನಾನೇ. ಇಪ್ಪತ್ತೆರಡು ವರ್ಷ ಎಲ್ಲರಿಗೂ ಅದೇ ನಮೂನೆ ಕಳಿಸಿದೀನಿ. ಕೊನೆಗೆ ಹೆಸರು ಮಾತ್ರ ಬದಲಾಯಿಸಿ ನನಗೇ ಕಳಿಸಿದ್ರು. ಅವತ್ತೇ ತೀರ್ಮಾನ ಮಾಡ್ದೆ, ಈ ಕಂಪನಿಗಳನ್ನ ಬಿಡಬಾರ್ದು ಅಂತ. ನಾನು ಮನುಷ್ಯರಿಗೆ ಮೋಸ ಮಾಡಿಲ್ಲ ಸಾರ್."

"ಶೀನ ಮನುಷ್ಯ ಅಲ್ವೇನ್ರಿ?"

ವಿಷ್ಣುತೀರ್ಥ ಪತ್ರವನ್ನು ಮಡಿಚಿದ. ಸತ್ಯಾತ್ಮನಿಗೆ ಆ ಪತ್ರದ ಸಿಟ್ಟು ಅರ್ಥವಾಯಿತು. ಅರ್ಥವಾದದ್ದಕ್ಕೇ ಅವನ ಸಿಟ್ಟು ಇನ್ನಷ್ಟು ಏರಿತು. ಹೆಂಡತಿಯ ಸಾವಿಗೆ ಉರಿದ ಹೊಟ್ಟೆ, ಕಣ್ಣೆದುರಿಗೇ ನೀರು ಕೇಳುತ್ತ ಸಾಯುತ್ತಿದ್ದವನಿಗಾಗಿ ಒಂದಿಷ್ಟೂ ಉರಿಯಲಿಲ್ಲವಲ್ಲ. ಬಂಧನದ ಕಾಗದ ಮುಂದಿಟ್ಟ: ಐಪಿಸಿ ೩೦೪, ೪೨೦, ೨೦೧, ಅಂದರೆ ನರಹತ್ಯೆ, ವಂಚನೆ, ಸಾಕ್ಷ್ಯನಾಶ.

ವಿಷ್ಣುತೀರ್ಥ ಗೋಡೆಯ ಗಡಿಯಾರ ನೋಡಿದ. "ಕೊಂಜ ಇರಿ ಸಾರ್. ಒಂದೂವರೆ ಆಗ್ಲಿ, ನಾನೇ ಹೊರಡ್ತೀನಿ. ನಿಮಗೆ ಗೊತ್ತಿಲ್ದೇ ಇರೋದೇ..."

"ಗೊತ್ತು. ಏಳ್ರಿ ಮೇಲೆ."

ಬಂಧನದ ಸಮಯ ೧೨.೩೫. ಮಾಲೀಕನನ್ನೂ ಆ ಸಂಜೆಯೇ ಬಂಧಿಸಿದರು. ಗುರುವಾರ ಸತ್ಯಾತ್ಮ ಖುದ್ದಾಗಿ ಮ್ಯಾಜಿಸ್ಟ್ರೇಟರಿಗೆ ವರದಿ ಕೊಟ್ಟ. ಅಂದಾನಿ ತಪ್ಪೊಪ್ಪಿಕೊಳ್ಳಲಿಲ್ಲ, ನಡೆದದ್ದನ್ನು ಹೇಳಿದ. ಸಂಜೆ ಬಿಡುಗಡೆಯಾದ ಗಂಡನನ್ನು ಪ್ರೇಮಮ್ಮ ಮೊದಲು ಬೈದಳು, ಆಮೇಲೆ ಅತ್ತಳು.

ಠಾಣೆಗೆ ಮರಳಿ ಸತ್ಯಾತ್ಮ ಕೇಸ್ ಡೈರಿ ಬರೆಯಲು ಕೂತ. ಮೊದಲ ಪುಟದಲ್ಲೇ ಪೆನ್ನು ನಿಂತಿತು. ದೂರುದಾರಳು ಠಾಣೆಗೆ ಬಂದ ಸಮಯ ೭.೪೦, ದೂರು ಸ್ವೀಕರಿಸಿದ ಸಮಯ ೯.೧೦. ವಿಳಂಬಕ್ಕೆ ಕಾರಣ ಬರೆಯುವ ಜಾಗ ಖಾಲಿ ಇತ್ತು.

"ಬಂದೋಬಸ್ತ್ ಡ್ಯೂಟಿ ಅಂತ ಬರೀರಿ ಸಾರ್. ಯಾರು ನೋಡ್ತಾರೆ?" ಎಂದಳು ಚಂದ್ರಮತಿ.

ಸತ್ಯಾತ್ಮ ಬರೆದ: ತನಿಖಾಧಿಕಾರಿ ರಾಹುಕಾಲ ಕಳೆಯಲೆಂದು ಮನೆಯಲ್ಲಿ ಕೂತಿದ್ದರು. ಕೆಳಗೆ ಸಹಿ ಹಾಕಿದ, ಈ ಸಲ ಓದಿ.