ಸಮುದ್ರವಿಲ್ಲದ ದೇಶಕ್ಕೆ ಇಬ್ಬರು

"ಇಬ್ಬರಿಗೆ. ಹದಿನೈದು ದಿನ. ಒಂದೇ ರೂಮು," ಎನ್ನುತ್ತಾ ಅವನು ಅವಳ ಮೇಜಿನೆದುರು ಕುಳಿತ.

ಅವಳ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು...

ಪಕ್ಕದ ಬೀದಿಯ ಕನ್ನಡಕದ ಅಂಗಡಿಯವನು. ನಾಲ್ಕು ವರ್ಷದಿಂದ ಈ ಪ್ರವಾಸ ಕಚೇರಿಯ ಮೆಟ್ಟಿಲು ತುಳಿದಿರಲಿಲ್ಲ.

ಅವನು ಹೇಳಿದ ದೇಶದ ಹೆಸರು ಅವಳಿಗೆ ಚೆನ್ನಾಗಿ ನೆನಪಿತ್ತು. ಬೆಟ್ಟಗಳ ನಾಡು, ಸುತ್ತಲೂ ಬೇರೆ ದೇಶಗಳು, ಎಲ್ಲಿಯೂ ಸಮುದ್ರವಿಲ್ಲ; ಕಚೇರಿಯಲ್ಲಿ ಅದನ್ನು ಕೇಳಿಕೊಂಡು ಬಂದವರೇ ಇಲ್ಲ. 'ಮದುವೆಯಾದರೆ ಮೊದಲು ಅಲ್ಲಿಗೇ ಹೋಗೋಣ' ಎಂದು ಅವನು ಹಿಂದೆ ಅವಳಿಗೆ ಪತ್ರ ಬರೆದಿದ್ದ. ಅವಳು ಅದನ್ನು ಟೀ ಹೊತ್ತಿನಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿ ನಗಿಸಿದ್ದಳು. ಉತ್ತರ ಕೇಳಲು ಬಂದವನು ಬಾಗಿಲಲ್ಲಿ ನಿಂತಿದ್ದ.

ಕ್ಷಮೆ ಕೇಳಲು ಅಂದಿನಿಂದ ಬಾಯಿ ಬಂದಿರಲಿಲ್ಲ. ಈಗ ಇನ್ನೊಬ್ಬಳ ಜೊತೆ ಹೊರಟವನನ್ನು ಏನೆಂದು ಕೇಳುವುದು?

"ಜೊತೆಗೆ ಬರೋರ ಹೆಸರು?"

"ಆಮೇಲೆ ಹೇಳ್ತೀನಿ. ನೀವು ಕೆಲಸ ಶುರು ಮಾಡಿ."

ಆರು ವಾರ ಅವನು ಅವಳನ್ನು ಗೋಳು ಹೊಯ್ದುಕೊಂಡ. ತನ್ನವಳಿಗೆ ಸರೋವರದ ಕಡೆ ಕಿಟಕಿ ಬೇಕೆಂದ. ತನ್ನವಳಿಗೆ ಗಟ್ಟಿ ಹಾಸಿಗೆ ಆಗುವುದಿಲ್ಲವೆಂದ. ಅಷ್ಟು ನಾಜೂಕಿನವರನ್ನು ಬೆಟ್ಟಕ್ಕೇಕೆ ಒಯ್ಯುತ್ತೀರಿ, ನಿಮ್ಮ ಅಂಗಡಿಯ ಗಾಜಿನ ಕಪಾಟಿನಲ್ಲಿಡಿ ಎಂದು ಅವಳೂ ಚುಚ್ಚಿದಳು. ಅವನು ಹೋದ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಅಲ್ಲಿನ ಗಡಿ ಪರವಾನಗಿ ಇಬ್ಬರಿದ್ದರೆ ಮಾತ್ರ ಸಿಗುತ್ತಿತ್ತು. ಇಂಥ ಯಾವ ಅರ್ಜಿಯಲ್ಲೂ ಎರಡನೆಯ ಹೆಸರು ಬರುವ ತನಕ ತಮ್ಮದೇ ಪಾಸ್‌ಪೋರ್ಟ್ ವಿವರ ತುಂಬಿಡುವುದು ಕಚೇರಿಯವರ ರೂಢಿ. ಅವಳೂ ತನ್ನದನ್ನೇ ತುಂಬಿದ್ದಳು.

ಹೆಸರು ಕೊಡಬೇಕಾದ ಕೊನೆಯ ದಿನ ಅವನು ಬಂದ.

"ಯಾರೂ ಇಲ್ಲ," ಎಂದ. "ನಿಮ್ಮ ಕೈಲೇ ಇದನ್ನೆಲ್ಲ ಬರೆಸಬೇಕಿತ್ತು. ಬರೆಯೋವಾಗ ನಿಮ್ಮ ಮುಖ ನೋಡಬೇಕಿತ್ತು. ನೋಡಾಯ್ತು. ಅರ್ಜಿ ಹರಿದುಹಾಕಿ."

ಅವನು ಬಾಗಿಲು ಮುಟ್ಟುವಷ್ಟರಲ್ಲಿ ಅವಳು ಎದ್ದು ನಿಂತಳು. ಅಂದು ನಕ್ಕವರೆಲ್ಲ ತಲೆಯೆತ್ತಿದರು. ಅವರ ಎದುರಿಗೇ ಹೇಳಿದಳು.

"ಆ ಪತ್ರ ನಂಗೆ ಇಷ್ಟವಾಗಿತ್ತು. ಇವರೆಲ್ಲ ನಗ್ತಾರೆ ಅಂತ ಹೆದರಿ ಮೊದಲು ನಾನೇ ನಕ್ಕೆ. ನೀಚ ಕೆಲಸ ಮಾಡಿದೆ."

ಅವಳು ಮೇಜಿನ ಮೇಲಿದ್ದ ಅವನ ಕಡತ ಮುಚ್ಚಿದಳು.

"ಅರ್ಜಿ ಹರಿಯೋಕಾಗಲ್ಲ," ಎಂದಳು. "ನಿನ್ನೆಯೇ ಕಳಿಸಿಬಿಟ್ಟೆ. ನನ್ನ ಹೆಸರಲ್ಲೇ."

ಅವನು ತಿರುಗಿದ. "ನಿಜವಾಗ್ಲೂ ಯಾರಾದ್ರೂ ಇದ್ದಿದ್ರೆ?"

"ಅವಳು ಮನೇಲಿರ್ತಿದ್ಲು."

ಎಂಥ ಹೆಣ್ಣಿದು... ಅವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದು ಕುರ್ಚಿಯಲ್ಲಿ ಕುಳಿತ.

"ನಂಗಿನ್ನೂ ನೋವಿದೆ ಕಣೇ."

"ಇರಲಿ. ಹದಿನೈದು ದಿನವೂ ಬೈಯಿ, ಕೇಳಿಸ್ಕೋತೀನಿ."

"ಹದಿನೈದು ದಿನ ಸಾಕಾಗಲ್ಲ."

ಅವಳು ಕಣ್ಣೊರೆಸಿಕೊಂಡಳು.

"ಹಾಗಾದ್ರೆ, ಮನೆಗೆ ಬಂದ ಮೇಲೂ ಬೈಯಿ."