ಮದ್ದು ಹಾಕಬಾರದ ಪೆಟ್ಟಿಗೆಗಳು

'ಅವನೇ ಇರಬಹುದಾ?... ಛೇ, ಗುರುಪಾದ ಅಂಥವನಲ್ಲ. ಹಾಗಾದರೆ ಈ ಹಸಿರು ಪುಡಿ ಇಲ್ಲಿಗೆ ಹೇಗೆ ಬಂತು?'

ಸುರಭಿ ಜೇನುಪೆಟ್ಟಿಗೆಯ ಮುಚ್ಚಳ ಹಿಡಿದುಕೊಂಡೇ ನಿಂತಿದ್ದಳು. ಸುಳ್ಳ ಎಂಬ ಊರಿನ ಈ ಕುಸುಬಿ ಹೊಲದಲ್ಲಿ ಅವಳ ಸಂಶೋಧನೆ ನಡೆದಿತ್ತು. ಜೇನುಹುಳುಗಳಿಗೆ ಅಂಟಿ ಪ್ರಾಣ ಹಿಂಡುವ ನುಸಿಯನ್ನು ಮಣ್ಣಿನಲ್ಲೇ ಸಿಗುವ ಒಂದು ಶಿಲೀಂಧ್ರದಿಂದ ಕೊಲ್ಲಬೇಕು. ಅರ್ಧ ಪೆಟ್ಟಿಗೆಗಳಿಗೆ ಆ ಶಿಲೀಂಧ್ರದ ಹಸಿರು ಪುಡಿ. ಉಳಿದರ್ಧಕ್ಕೆ ಏನೂ ಇಲ್ಲ. ಇವು ಸೋತು ಅವು ಉಳಿದರೆ ತಾನೇ ಮದ್ದನ್ನು ನಂಬುವುದು!

ಆದರೆ ಎಲ್ಲ ಪೆಟ್ಟಿಗೆಗಳೂ ಚೆನ್ನಾಗಿದ್ದವು.

"ಫರಕ ಇಲ್ಲಂದ್ರ ನಿನ್ನ ಮದ್ದು ಕೆಲಸ ಮಾಡಿಲ್ಲ ನೋಡವಾ. ವಿಷಯ ಬದಲಿಸು," ಎಂದುಬಿಟ್ಟಿದ್ದರು ಮಾರ್ಗದರ್ಶಕ ಕುಮಾರಸ್ವಾಮಿ ಸರ್.

ಈಗ ನೋಡಿದರೆ, ಮದ್ದು ಹಾಕಬಾರದ ಪೆಟ್ಟಿಗೆಯಲ್ಲೂ ಅದೇ ಹಸಿರು!

ಹೊಲದ ಒಡೆಯ ಗುರುಪಾದ ಬದುವಿನ ಮೇಲೆ ಬಂದ. ಇಡೀ ಹಂಗಾಮು ಅವಳ ಪಕ್ಕದಲ್ಲಿ, ಹುಳುಗಳನ್ನು ಶಾಂತವಾಗಿಸುವ ಹೊಗೆಡಬ್ಬಿ ಹಿಡಿದು ನಿಂತವನು. ಅವನು ಬಾರದ ದಿನ ಅವಳಿಗೆ ಹೊಲವೇ ಬಿಕೋ ಎನ್ನಿಸುತ್ತಿತ್ತು. ಪುಡಿಯ ಡಬ್ಬಿ ಇರುತ್ತಿದ್ದುದೂ ಅವನ ಮನೆಯಲ್ಲೇ.

"ಇದಕ್ಕ ನೀವ ಹಾಕಿದ್ರೇನು?"

ಅವನು ಅವಳ ಕೈಯಿಂದ ಮುಚ್ಚಳ ತೆಗೆದುಕೊಂಡು ಪೆಟ್ಟಿಗೆಯ ಮೇಲೆ ಮೆಲ್ಲಗೆ ಇಟ್ಟ.

"ಬಾಯಿ ಬಿಡ್ರಿ! ನನ್ನ ಪಿಎಚ್‌ಡಿ ಮಣ್ಣಾಗ ಹೋತು. ನಾ ಸೋಲಲಿ ಅಂತ ಮಾಡಿದ್ರಾ?"

"ಸಾಯಾಕತ್ತಿದ್ವು." ಅವನು ಪೆಟ್ಟಿಗೆಯ ಬಾಯಿಯತ್ತ ಬೆರಳು ತೋರಿಸಿದ. "ರೆಕ್ಕಿ ಮುದುಡಿದ ಹುಳಾ ಬಾಗಲದಾಗ ತೆವಳತಿದ್ವು. ಮದ್ದು ಮನ್ಯಾಗ ಐತಿ. ನೋಡ್ಕೋತ ಕುಂದರ್ಲೇನು?"

"ಪ್ರಯೋಗ ಅಂದ್ರ ಹಂಗ ಇರ್ತದ್ರಿ!"

"ಇರಲಿ. ನನ್ನ ಹೊಲದಾಗ ಮದ್ದು ಇಟಗೊಂಡು ಸಾಯಾಕ ಬಿಡೂದಿಲ್ಲ. ಹಾಕಿದ ಮ್ಯಾಲ ಹೆಂಗ ಚೇತರಿಸ್ಕೊಂಡಾವ ನೋಡ್ರಿ!"

ಎಂಥ ಮೊಂಡ!... ಅವಳ ಕಣ್ಣು ತುಂಬಿತು. ಬರೀ ಸಿಟ್ಟಿಗಲ್ಲ. ತೆವಳುವ ಆ ಹುಳುಗಳನ್ನು ಕಂಡಾಗಲೆಲ್ಲ ತಾನು ಮುಖ ತಿರುಗಿಸಿದ್ದಳು. ಇವನು ತಿರುಗಿಸಿರಲಿಲ್ಲ.

ತಟ್ಟನೆ ಅವಳು ತಲೆಯೆತ್ತಿದಳು. "ಚೇತರಿಸ್ಕೊಂಡ್ವು?... ಅಂದ್ರ ಮದ್ದು ಕೆಲಸ ಮಾಡ್ಯದ!"

ನಿಂತಲ್ಲೇ ಫೋನ್ ಹಚ್ಚಿದಳು. "ಸರ್, ವಿಷಯ ಬದಲಿಸೂದಿಲ್ರಿ. ಎಲ್ಲಾ ಪೆಟ್ಟಿಗಿಗೂ ಮದ್ದು ಬಿದ್ದಿತ್ತು, ಅದಕ್ಕ ಫರಕ ಕಾಣಲಿಲ್ಲ. ಮತ್ತ ಮಾಡ್ತೇನಿ. ಅರ್ಧಕ್ಕ ಶಿಲೀಂಧ್ರ, ಅರ್ಧಕ್ಕ ಅಂಗಡಿ ಔಷಧ. ಯಾವ ಪೆಟ್ಟಿಗಿನೂ ಮದ್ದಿಲ್ದ ಬಿಡೂದಿಲ್ಲ."

"ಇನ್ನೊಂದು ವರ್ಷ ಹೊಕ್ಕೈತವಾ!"

"ಹೋಗ್ಲಿ ಬಿಡ್ರಿ ಸರ್!"

ಫೋನ್ ಇಟ್ಟು ಗುರುಪಾದನ ಕಡೆ ತಿರುಗಿದಳು. "ಬರೂ ಹಂಗಾಮಿಗೂ ಇಲ್ಲೇ ಬರ್ತೇನಿ. ನಡೀತದೇನು?"

"ಹೊಲ ಎಲ್ಲಿ ಓಡಿ ಹೊಕ್ಕೈತ್ರಿ?"

"ನಾ ಹೊಲದ್ದು ಕೇಳಲಿಲ್ಲ."

ಅವನ ಕಿವಿಗಳು ಕೆಂಪಾದವು. "...ನಾನೂ ಓಡೂದಿಲ್ಲ."

"ಒಂದ ಹಂಗಾಮಿಗಲ್ಲ, ಗುರುಪಾದ. ಜನ್ಮಕ್ಕ ಕೇಳಾಕತ್ತೇನಿ."

"ಭಾಳ ತಡಾ ಮಾಡಿ ಕೇಳಿದ್ರಿ," ಎಂದು ಅವನು ಅವಳ ಕೈ ಹಿಡಿದ.

ತಪ್ಪಾಯಿತು ಎಂದು ಮಾತ್ರ ಅವನು ಎಂದೂ ಹೇಳಲಿಲ್ಲ.