ಶಕ್ಕರ್, ಸಕ್ಕರೆ, ಶುಗರ್

ಮೂವತ್ತೈದು ವರ್ಷಗಳ ಹಿಂದೆ, ಮದ್ದೂರಿನ ಪೇಟೆಬೀದಿಯ ಹೆಂಚಿನ ಕೊಠಡಿಯೊಂದರಲ್ಲಿ, ಉರ್ದು ಮನೆಮಾತಿನ ಹನ್ನೊಂದು ಹೆಂಗಸರಿಂದ ಇಂಗ್ಲಿಷ್ ನುಡಿಸಿದ್ದು ಇಂದ್ರಮ್ಮನವರ ಬಾಳಿನ ದೊಡ್ಡ ಗೆಲುವು. ಅದು ಸುಲಭವಾಗಿ ದಕ್ಕಿದ್ದಲ್ಲ.

ಆಗ ಅವಳು ಮಳವಳ್ಳಿಯಿಂದ ಬಸ್ಸಿನಲ್ಲಿ ಬಂದು ಪಾಠ ಹೇಳುತ್ತಿದ್ದ ಇಪ್ಪತ್ತೆರಡರ ಇಂದ್ರ. ಶನಿವಾರ ವಯಸ್ಕರ ಶಿಕ್ಷಣ ಕಚೇರಿಯ ಸಾಹೇಬರು ತರಗತಿ ನೋಡಲು ಬರುವವರಿದ್ದರು. ಅವರೆದುರು ಒಬ್ಬಳಾದರೂ ಇಂಗ್ಲಿಷಿನಲ್ಲಿ ಮಾತಾಡದಿದ್ದರೆ ತರಗತಿ ಮುಚ್ಚುವುದು ಖಚಿತ. ಹೆಂಗಸರೋ, ತಲೆಯೇ ಎತ್ತುತ್ತಿರಲಿಲ್ಲ.

ಸಾಲದ್ದಕ್ಕೆ ಕೊನೆಯ ಬೆಂಚಿನಲ್ಲಿ ಹೊಳಲಿನ ಕೆಂಪರಾಜು. ಹಾಜರಿ ಬರೆಯಲು ಕಚೇರಿ ಕಳಿಸಿದ ಗುಮಾಸ್ತ, ಪಾಠ ಮುಗಿಯುವ ತನಕ ನೋಟ್‌ಬುಕ್ಕಿನಲ್ಲಿ ಅದೇನನ್ನೋ ಬರೆಯುತ್ತಲೇ ಇರುತ್ತಿದ್ದ.

“ದೂರು ಬರ್ಕತಾವ್ನೆ ಕಣಮ್ಮ,” ಎಂದ ಜವಾನ ಮರಿಯಯ್ಯ. “ವಸಿ ಉಸಾರು.”

ಶುಕ್ರವಾರ ಇಂದ್ರ ಅವನೆದುರು ಹೋಗಿ ನಿಂತಳು.

“ನನ್ನ ತಪ್ಪೆಲ್ಲ ಪಟ್ಟಿ ಮಾಡಿದ್ದಾಯ್ತಾ?”

ಕೆಂಪರಾಜು ಎದ್ದ. ನೋಟ್‌ಬುಕ್ಕನ್ನು ಅವಳ ಮೇಜಿನ ಮೇಲಿಟ್ಟು ಹೊರಟುಹೋದ.

ಮರುದಿನ ಬಸ್ಸಿನಲ್ಲಿ ಅವಳು ಅದನ್ನು ತೆರೆದಳು... ಅವಳು ಕಲಿಸಿದ ಇಂಗ್ಲಿಷ್ ಪದಗಳ ಮುಂದೆ ಕನ್ನಡ ಅಕ್ಷರದಲ್ಲಿ ಉರ್ದು ಅರ್ಥ. ‘ಶುಗರ್’ ಎಂಬುದಕ್ಕೆ ಮಾತ್ರ ಇಡೀ ಪುಟ, ಆ ಪದ ಹುಟ್ಟಿ ಬೆಳೆದ ಕತೆ.

ಅಯ್ಯೋ, ಇವನನ್ನು ಏನೆಂದುಕೊಂಡೆ...

ತರಗತಿಯಲ್ಲಿ ಸಾಹೇಬರು ನೋಡುತ್ತಿದ್ದಂತೆ ಅವಳು ಹನ್ನೊಂದು ಅಂಗೈಗಳಿಗೂ ಚಿಟಿಕೆ ಸಕ್ಕರೆ ಹಾಕಿದಳು.

“ಇದರ ಮೊದಲ ಹೆಸರು ಶರ್ಕರಾ. ಸಣ್ಣ ಹರಳು ಅಂತ ಅರ್ಥ. ನಮ್ಮ ನೆಲದಿಂದ ಪಾರಸಿಗೆ ಹೋಗಿ ಶಕರ್ ಆಯಿತು. ಅರಬರ ಬಾಯಲ್ಲಿ ಸುಕ್ಕರ್. ಊರೂರು ಸುತ್ತಿ ಇಂಗ್ಲಿಷರಲ್ಲಿ ಶುಗರ್. ನಿಮ್ಮ ಶಕ್ಕರ್, ನಮ್ಮ ಸಕ್ಕರೆ, ಅವರ ಶುಗರ್ ಒಂದೇ ತಾಯಿಯ ಮಕ್ಕಳು.”

ಹೆಂಗಸರು ಅಂಗೈಯ ಸಕ್ಕರೆ ನೋಡಿಕೊಂಡರು. ಆಮೇಲೆ ಹಿರಿಯಳಾದ ಖಮರುನ್ನೀಸಾ ನಕ್ಕಳು.

“ಅಂಗಾದ್ರೆ ಇಂಗ್ಲೀಷು ನಮ್ಮ ನೆಂಟ್ರೇ ಅನ್ನಿ ಟೀಚರ್. ಇಷ್ಟು ದಿನ ಸುಮ್ನೆ ಹೆದ್ರಿದ್ವಿ.”

ಅವಳು ಎದ್ದು ಸೆರಗು ಸರಿಪಡಿಸಿಕೊಂಡಳು. “ದಿಸ್ ಈಸ್ ಶುಗರ್. ಐ ಪುಟ್ ಶುಗರ್ ಇನ್ ಟೀ. ಯೂ ವಾಂಟ್ ಟೀ, ಸಾರ್?”

ಅವಳ ಹಿಂದೆ ಉಳಿದ ಹತ್ತು ಮಂದಿಯೂ ಒಬ್ಬೊಬ್ಬರಾಗಿ ‘ದಿಸ್ ಈಸ್ ಶುಗರ್’ ಎಂದರು. ಸಾಹೇಬರು ನಗುತ್ತಲೇ ತರಗತಿ ಮುಂದುವರಿಸಲು ಸಹಿ ಹಾಕಿದರು.

ಸಂಜೆ ಬಸ್ ನಿಲ್ದಾಣದಲ್ಲಿ ಕೆಂಪರಾಜು ಒಬ್ಬನೇ ನಿಂತಿದ್ದ.

“ದೂರಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ನಂಬ್ತಿದ್ರಾ? ಮೂಗಿನ ಮೇಲೆ ಕೋಪ ನಿಮ್ಗೆ.”

“ಇಷ್ಟೊಂದು ಉರ್ದು ಎಲ್ಲಿ ಕಲಿತಿರಿ?”

“ನಮ್ಮಪ್ಪಂಗೆ ಇಲ್ಲೇ ಕೆಲ್ಸ ಇತ್ತು. ಖಮರಕ್ಕನ ವಠಾರದಲ್ಲೇ ಬೆಳ್ದೆ. ಶುಗರ್ ಕತೆ ಮಾತ್ರ ಕಚೇರಿ ನಿಘಂಟಿಂದು.”

ಅವಳು ನೋಟ್‌ಬುಕ್ ತೆರೆದಳು. “ಒಂದು ಪದದ ಮುಂದೆ ಅರ್ಥವೇ ಇಲ್ಲ. ‘ಹಸ್ಬೆಂಡ್’.”

ಅವನ ಕಿವಿ ಕೆಂಪಾಯಿತು. “ಅದು ನೀವೇ ತುಂಬಲಿ ಅಂತ ಬುಟ್ಟಿದ್ದೆ.”

ಅವಳು ಅವನ ಜೇಬಿನಿಂದ ಪೆನ್ನು ತೆಗೆದುಕೊಂಡಳು. ಬಸ್ಸು ಬಂತು, ಹೋಯಿತು. ಖಾಲಿ ಜಾಗದಲ್ಲಿ ನಾಲ್ಕೇ ಅಕ್ಷರ ಬರೆದಳು... ಕೆಂಪರಾಜು.

ಈಗ ಮಂಡ್ಯದ ಮನೆಯ ಜಗಲಿಯಲ್ಲಿ ಆ ನೋಟ್‌ಬುಕ್ ಮೊಮ್ಮಗಳು ಶ್ವೇತಳ ಮಡಿಲಲ್ಲಿದೆ.

“ಅಕ್ಷರ ನೋಡವ್ವ, ಎಷ್ಟು ಸೊಟ್ಟಗವೆ,” ಎಂದರು ಕೆಂಪರಾಜು.

“ನಿಂತುಕೊಂಡು ಬರೆದದ್ದು,” ಎಂದರು ಇಂದ್ರಮ್ಮ. “ಕೈಯೂ ನಡುಗುತ್ತಿತ್ತು.”

“ಅದ್ನ ಇವತ್ತೇ ಹೇಳ್ತಿರೋದು ನೀನು.”

ಇಂದ್ರಮ್ಮ ನಕ್ಕು ಅವರ ಲೋಟಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದರು.

ಶ್ವೇತ ಮೊದಲ ಪುಟಕ್ಕೆ ತಿರುಗಿಸಿದಳು. “ಅಜ್ಜಿ, ಇನ್ನೊಂದ್ಸಲ ಹೇಳಜ್ಜಿ. ತಾತ ಕೊನೇ ಬೆಂಚಲ್ಲಿ ಕೂತಿದ್ರಲ್ಲ, ಅಲ್ಲಿಂದ.”